ಭೀಮಶಾ ಅವರ ಜಾಜ್ ಹಗೇವಿಗೆ ಇಳಿದ ಬೇಸಿಗೆ

ಸಂಗೀತ ಮುಗಿಯಿತೆಂದು ನಾನು ಎದ್ದು ನಿಂತು ಚಪ್ಪಾಳೆ ಹೊಡೆದೆ. ಅಷ್ಟಕ್ಕೇ ಬಿಟ್ಟಿದ್ದರೂ ಮಾನ ಉಳಿಯುತ್ತಿತ್ತು. "ಆಹಾ, ಏನು ಬಾರಿಸ್ಯಾರ್ರೀ!" ಎಂದು ಗಟ್ಟಿಯಾಗಿ ಹೇಳಿ, ಬಾಗಿಲವರೆಗೆ ನಡೆದು, ಒಂದು ಕಾಲನ್ನು ಚಪ್ಪಲಿಗೆ ತೂರಿಸಿಯೂ ಬಿಟ್ಟಿದ್ದೆ. ಆಗ ಬೆನ್ನ ಹಿಂದೆ ರೆಕಾರ್ಡಿನ ಸ್ಯಾಕ್ಸೊಫೋನು, ಕಟ್ಟಿ ಹಾಕಿದ ಎಮ್ಮೆ ಮೇವು ಕಂಡ ಹಾಗೆ, ಮತ್ತೆ ಕೂಗತೊಡಗಿತು.

ಭೀಮಶಾ ಕಣ್ಣು ಮುಚ್ಚಿಕೊಂಡು ಕೂತಿದ್ದರು. ಕಣ್ಣು ತೆರೆಯದೆಯೇ ಹೇಳಿದರು: "ಇನ್ನೂ ಮುಗಿದಿಲ್ರೀ ಸರ. ಅದು ನಡುವ ಸುಮ್ಮನಿರೋದು."

ನನ್ನ ಪರವಾಗಿ ಒಂದು ಮಾತು ಹೇಳಲೇಬೇಕು. ಆ ಕ್ಷಣದಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ನಿಂತಿತ್ತು. ಅವರ ಹೆಂಡತಿ ಪುತಳಾಬಾಯಿ ಕೈ ನಿಲ್ಲಿಸಿದರೆಂದ ಮೇಲೆ ಸಂಗೀತ ನಿಂತಿತೆಂದು ಯಾರಾದರೂ ತಿಳಿಯಬೇಕಾದ್ದೇ. ಸ್ಯಾಕ್ಸೊಫೋನು ಶುರುವಾದೊಡನೆ ರೊಟ್ಟಿಯೂ ಪಟಪಟ ಶುರುವಾಯಿತು. ನಾನು ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ವಾಪಸು ಬಂದು ಚಾಪೆಯ ಮೇಲೆ ಕೂತೆ. ಉಳಿದ ಹದಿನೈದು ನಿಮಿಷ, ಎಲ್ಲಿ ಮುಗಿಯುತ್ತದೆಯೋ ಎಲ್ಲಿ ಮುಗಿಯುವುದಿಲ್ಲವೋ ಎಂದು ಅಂಜುತ್ತ ಕೇಳಿದೆ. ನಿಜವಾಗಿ ಮುಗಿದಾಗ ಚಪ್ಪಾಳೆ ಹೊಡೆಯಲು ಧೈರ್ಯವಾಗಲಿಲ್ಲ.

ಆಮೇಲೆ ಚಹಾ ಕುಡಿಯುವಾಗ ಅವರು ನನಗೆ ಜಾಜ್ ಸಂಗೀತದ ಮೊದಲ ಪಾಠ ಹೇಳಿಕೊಟ್ಟರು. "ನೋಡ್ರಿ ಸರ, ಇದರಾಗ ಎಲ್ಲರಿಗೂ ಒಂದೊಂದು ಸರದಿ ಇರ್ತದ. ಒಬ್ಬಾಂವ ಬಾರಿಸಾಕತ್ತಾಗ, ಆಂವ ಡ್ರಮ್ಮಿನವ ಇದ್ರೂ ಸೈತ, ಉಳಿದವರು ಸುಮ್ಮ ಕುಂತು ಕೇಳಬೇಕು. ಅದ ಶಿಸ್ತು."

"ನಮ್ಮ ಸಾಹಿತ್ಯ ಸಭೆಗೆ ಈ ಶಿಸ್ತು ಬಂದ್ರ ಭಾಳ ಚಲೋ ಆಗ್ತಿತ್ತು," ಎಂದೆ.

"ನಿಮ್ಮ ಸಭಾದಾಗ ಕೇಳವ್ರ ಯಾರು ಇರ್ತಾರ್ರೀ?" ಎಂದರು. ನಗೆಬರಹ ಬರೆಯುವವನು ನಾನು. ನಗಿಸುವವರು ಅವರು, ಅದೂ ಮುಖದ ಒಂದು ಗೆರೆ ಅಲುಗಾಡದೆ.

ಭೀಮಶಾ ವಿದ್ಯುತ್ ಕಂಪನಿಯಲ್ಲಿ ಮೂವತ್ತನಾಲ್ಕು ವರ್ಷ ಮೀಟರ್ ಓದಿದವರು. ಕಲಬುರಗಿಯ ಬ್ರಹ್ಮಪುರದಲ್ಲಿರುವ ನಮ್ಮ ಮನೆಯ ಮೀಟರೂ ಅವರ ಪಾಲಿಗಿತ್ತು. ಮೀಟರ್ ಓದುವವನು ಊರಿನ ಪ್ರತಿಯೊಂದು ಮನೆಯ ಒಳಗೂ ಕಾಲಿಡುತ್ತಾನೆ. ಯಾರ ಅಟ್ಟದ ಮೇಲೆ ಏನು ಧೂಳು ಹಿಡಿದು ಕೂತಿದೆ ಎನ್ನುವುದು ಅವನಿಗೆ ಗೊತ್ತು. ನಮ್ಮ ಅಟ್ಟದ ಮೇಲೆ ನನ್ನ ಕಾಕಾ ಬಿಟ್ಟುಹೋದ ಹಳೆಯ ರೆಕಾರ್ಡುಗಳ ಡಬ್ಬಿ ಇದೆಯೆಂದು ನನಗೆ ಹೇಳಿದವರೇ ಅವರು. ಇಳಿಸಿ ನೋಡಿದರೆ ಎಲ್ಲಾ ಭಜನೆ. ಭೀಮಶಾ ಒಂದೊಂದನ್ನೇ ಅಂಚಿನಿಂದ ಹಿಡಿದು, ಬೆಳಕಿಗೆ ಒಡ್ಡಿ ನೋಡಿ, ಒರೆಸಿ, ಮರಳಿ ಇಟ್ಟರು. "ನನ್ನ ಸಾಮಾನ ಇದರಾಗ ಇಲ್ಲ. ಆದ್ರ ನಿಂದರಸಿ ಇಡ್ರಿ, ಮಲಗಿಸಬ್ಯಾಡ್ರಿ," ಎಂದು ಹೇಳಿ, ಮುಂದಿನ ಐತವಾರ ತಮ್ಮ ಗಾಜಿಪುರದ ಮನೆಗೆ ಕರೆದರು. ಚಪ್ಪಾಳೆಯ ಪ್ರಕರಣ ನಡೆದದ್ದು ಆ ಐತವಾರ.

ಈ ಹುಚ್ಚು ಅವರಿಗೆ ಹತ್ತಿದ್ದು ಶಹಾಬಜಾರದ ಒಂದು ಓಣಿಯಲ್ಲಿ. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಅಲ್ಲಾವುದ್ದೀನ್ ಸಾಹೇಬರೆಂಬ ವೃದ್ಧರ ಮನೆ; ಹರೆಯದಲ್ಲಿ ಮುಂಬಯಿಯ ಯಾವುದೋ ಹೋಟೆಲಿನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ಊದುತ್ತಿದ್ದವರಂತೆ. ಮೀಟರು ಒಳಗಿನ ಪಡಸಾಲೆಯಲ್ಲಿತ್ತು. ಮೀಟರಿನ ಚಕ್ರ ತಿರುಗುತ್ತಿತ್ತು, ಅದರ ಕೆಳಗೆ ಸಾಹೇಬರ ರೆಕಾರ್ಡಿನ ತಟ್ಟೆಯೂ ತಿರುಗುತ್ತಿತ್ತು. ಎರಡನ್ನೂ ನೋಡುತ್ತ ನಿಂತ ಭೀಮಶಾ ಅಂಕಿ ತಪ್ಪು ಬರೆದುಕೊಂಡು ಹೋದರು. ತಿದ್ದಲು ಮರುದಿನ ಮತ್ತೆ ಬಂದರು. "ನಿನ್ನೆ ಒಂದು ಬಾಜೂ ಕೇಳಿದಿ, ಇವತ್ತು ಇನ್ನೊಂದು ಬಾಜೂ ಕೇಳು ಬೇಟಾ," ಎಂದು ಸಾಹೇಬರು ಸ್ಟೂಲು ಹಾಕಿದರು. ಆಮೇಲೆ ಆ ಮನೆಯ ಮೀಟರು ಎಷ್ಟು ಸಲ ತಪ್ಪಿತೋ, ಅದರ ಲೆಕ್ಕ ಭೀಮಶಾ ಹೇಳುವುದಿಲ್ಲ. ಸಾಹೇಬರು ತೀರಿಕೊಂಡ ಮೇಲೆ ಅವರ ಮಗಳು ಮದಿಹಾ ನಲವತ್ತು ರೆಕಾರ್ಡುಗಳನ್ನೂ ಅದೇ ಸ್ಟೂಲನ್ನೂ ಕಳಿಸಿಕೊಟ್ಟಳು.

ನಲವತ್ತು, ಮುನ್ನೂರ ಹನ್ನೆರಡಾಗಲು ಮೂರು ದಶಕ ಬೇಕಾಯಿತು. ಹೈದರಾಬಾದಿನ ಐತವಾರದ ಸಂತೆ, ಮುಂಬಯಿಯ ಫುಟ್‌ಪಾತು, ಈಚೆಗೆ ಫೋನಿನಲ್ಲಿ ಆರ್ಡರು. ಹಳೆಯದನ್ನಷ್ಟೇ ತಬ್ಬಿಕೊಂಡು ಕೂರುವ ಜಾತಿಯವರಲ್ಲ. ಹೊಸ ಆಲ್ಬಂ ಬಂದರೆ ಮೂರು ದಿನ ಕೇಳಿ, ನಾಲ್ಕನೆಯ ದಿನ ಹಳೆಯ ಮೀಟರ್ ಪುಸ್ತಕದಲ್ಲಿ ಅಭಿಪ್ರಾಯ ಬರೆಯುತ್ತಾರೆ. ಓದಲು ಕೊಟ್ಟರು. ಒಂದು ಪುಟ ಹೀಗಿತ್ತು:

"ನಾರ್ವೆ ದೇಶದ ಮೂವರು. ಮೊದಲ ಬದಿ ಥಂಡಿ. ಪಿಯಾನೊದವ ಒಂದು ಪಟ್ಟಿ ಒತ್ತಿ ಇನ್ನೊಂದಕ್ಕೆ ಹೋಗಲು ಅರ್ಧ ದಿವಸ ತೆಗೆದುಕೊಳ್ಳುತ್ತಾನೆ. ಎರಡನೇ ಬದಿಗೆ ಕರೆಂಟು ಬಂತು."

"ಲಂಡನ್ನಿನ ಹುಡುಗಿ, ಸ್ಯಾಕ್ಸೊಫೋನು. ಲೋಡು ಜಾಸ್ತಿ. ಆದರೂ ಫ್ಯೂಜು ಹಾರಲಿಲ್ಲ. ಆಕೆಯ ದೊಡ್ಡತನ."

"ಶಿಕಾಗೋದ ಐವರು. ತುತ್ತೂರಿಯವ ಮನೆಯಲ್ಲಿ ಜಗಳಾಡಿ ಬಂದಿದ್ದಾನೆ. ಆಳೆತ್ತರದ ಪಿಟೀಲಿನವ ಸಂಸಾರಸ್ಥ. ಎಲ್ಲರನ್ನೂ ಕೈಹಿಡಿದು ಮನೆಗೆ ಕರೆತರುತ್ತಾನೆ."

ಇನ್ನೊಂದು ಆಲ್ಬಮ್ಮಿನ ಮುಂದೆ ಇಷ್ಟೇ ಇತ್ತು: "ಮನೆ ಬಾಗಿಲು ಹಾಕಿದೆ. ಮುಂದಿನ ತಿಂಗಳು ಮತ್ತೆ ನೋಡುವುದು."

ಇಪ್ಪತ್ತು ವರ್ಷದಿಂದ ಪುಸ್ತಕ ವಿಮರ್ಶೆ ಬರೆಯುತ್ತಿರುವ ನನಗೆ ಇಂಥ ಒಂದು ವಾಕ್ಯ ಹೊಳೆದಿಲ್ಲ.

"ಇದೆಲ್ಲಾ ನೀವೂ ಕೇಳ್ತೀರೇನ್ರೀ?" ಎಂದು ಪುತಳಾಬಾಯಿಯವರನ್ನು ಕೇಳಿದೆ.

"ಆ ಪೀಪಿ ನನಗೇನು ತಿಳೀತದರೀ ಸರ? ನಾ ರೊಟ್ಟಿ ಬಡೀತಿರ್ತೀನಿ, ಅದು ತನ್ನ ಪಾಡಿಗೆ ತಾ ಒದರ್ತಿರ್ತದ."

ರೆಕಾರ್ಡು ಸಂಗ್ರಹಿಸುವವನ ಬದುಕು ಸುಖದ್ದೆಂದು ನಾನು ತಿಳಿದಿದ್ದೆ. ಅದು ಬರೀ ಅಂಜಿಕೆಯ ಬದುಕು. ಧೂಳು, ಇಲಿ, ಚಹಾದ ಕಪ್ಪು ಹಿಡಿದ ಅತಿಥಿ, ಎಲ್ಲಕ್ಕೂ ಅಂಜಬೇಕು. ಎಲ್ಲಕ್ಕಿಂತ ದೊಡ್ಡ ಅಂಜಿಕೆ ನಮ್ಮೂರಿನ ಬಿಸಿಲು. ಕಲಬುರಗಿಯಲ್ಲಿ ಏಪ್ರಿಲ್ ತಿಂಗಳಿಗೆ ಮನುಷ್ಯರೇ ಆಕಾರ ಕಳೆದುಕೊಳ್ಳುತ್ತಾರೆ, ಇನ್ನು ಪ್ಲಾಸ್ಟಿಕ್ ತಟ್ಟೆಯ ಪಾಡೇನು? ಕೊರಿಯರಿನವರ ಫೋನು ಬಂದರೆ ಭೀಮಶಾ ಹಸಿ ಟವೆಲು, ಛತ್ರಿ ಹಿಡಿದು ಓಡುತ್ತಿದ್ದರು. ಬರುವಾಗ ಛತ್ರಿ ಪಾರ್ಸಲ್ಲಿನ ತಲೆಯ ಮೇಲೆ, ಇವರ ತಲೆ ಬಿಸಿಲಿಗೆ.

ಕಳೆದ ವರ್ಷ ಬಿಸಿಲು ನಲವತ್ತನಾಲ್ಕು ಮುಟ್ಟಿದ ದಿನ ಎರಡು ರೆಕಾರ್ಡು ಹಪ್ಪಳದಂತೆ ಅಂಚು ಎತ್ತಿಕೊಂಡವು. ಅವುಗಳಲ್ಲಿ ಒಂದು ಸಾಹೇಬರದು. ಕೂಲರ್ ಹಚ್ಚಿದರೆ ತೇವಕ್ಕೆ ರೆಕಾರ್ಡಿನ ಹೊದಿಕೆಗೆ ಬೂಷ್ಟು ಬರುತ್ತದೆ; ಹಚ್ಚದಿದ್ದರೆ ಉರಿ. ಈ ವರ್ಷ ಮಾರ್ಚಿನಲ್ಲೇ ಸೆಖೆ ಶುರುವಾಯಿತು.

ಆಗ ಅವರಿಗೆ ನೆನಪಾದದ್ದು ಕಮಲಾಪುರದ ಹಗೇವು.

ಅವರ ತಂಗಿ ಸುಜಾತಾಳನ್ನು ಕೊಟ್ಟದ್ದು ಕಮಲಾಪುರಕ್ಕೆ. ಆ ಮನೆಯ ಹಿತ್ತಿಲಲ್ಲಿ, ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡಿದ ಹಗೇವು ಇದೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ದೊಡ್ಡ ಕೊಡದಂತೆ, ಎರಡಾಳು ಆಳ. ಮೇಲೆ ಕಲ್ಲುಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಎಂಥ ಬಿಸಿಲಲ್ಲೂ ಒಳಗೆ ತಂಪು. ಇಪ್ಪತ್ತು ವರ್ಷದಿಂದ ಖಾಲಿ ಬಿದ್ದಿತ್ತು. ಭೀಮಶಾ ನಾಲ್ಕು ನೀಲಿ ಪ್ಲಾಸ್ಟಿಕ್ ಪೀಪಾಯಿಗಳಲ್ಲಿ ಉಳಿದ ಮುನ್ನೂರ ಹತ್ತು ರೆಕಾರ್ಡುಗಳನ್ನು ನಿಲ್ಲಿಸಿ, ಅದರೊಳಗೆ ಇಳಿಸಿ ಬಂದರು. ತಪ್ಪಾದದ್ದು ಅಲ್ಲಿಯೇ. ಹಗೇವೆಂದ ಕೂಡಲೇ ಅವರ ಕೈ ತಾನಾಗಿ ತಂದೆ ಅಜ್ಜ ಮಾಡಿದ್ದನ್ನೇ ಮಾಡಿತು. ಜೋಳಕ್ಕೆ ಹಾಕುವ ಹಾಗೆ ತಳಕ್ಕೂ ಗೋಡೆಗೂ ದಪ್ಪನಾಗಿ ಹುಲ್ಲು ಹಾಸಿದರು. ಬೀಜದ ಜೋಳಕ್ಕೆ ಕಟ್ಟುವ ಹಾಗೆ ಪೀಪಾಯಿಗಳ ಬಾಯಿಗೆ ಮುಚ್ಚಳದ ಬದಲು ಬಟ್ಟೆ ಕಟ್ಟಿದರು, ಒಳಗೆ ಬೇವಿನ ಎಲೆ ಇಟ್ಟರು. ನುಸಿ ಹಿಡಿಯದಂತೆ ಕಾಪಾಡಿದ ಜಾಜ್ ಸಂಗೀತ ಜಗತ್ತಿನಲ್ಲಿ ಅದೊಂದೇ ಇರಬೇಕು ಎಂದು ನಾನು ನಕ್ಕೆ. ಆ ನಗು ಮೇ ತಿಂಗಳವರೆಗೆ ಇತ್ತು.

ಮೇ ಮೂರನೆಯ ವಾರ, ಬೆಳಿಗ್ಗೆ ಆರಕ್ಕೆ ನಮ್ಮ ಬಾಗಿಲು ಬಡಿದ ಸದ್ದಾಯಿತು. ಭೀಮಶಾ, ಅವರ ಹಿಂದೆ ಪುತಳಾಬಾಯಿ. ಭೀಮಶಾ ಅಂಗಿಯ ಗುಂಡಿಯನ್ನು ಒಂದು ತೂತು ತಪ್ಪಿಸಿ ಹಾಕಿಕೊಂಡಿದ್ದರು.

"ಸರ, ಗಾಡಿ ಚಾಲೂ ಅದನ? ಸುಜಾತಾ ಫೋನ್ ಮಾಡ್ಯಾಳ. ಎರಡು ದಿವಸ ಆತಂತ, ಅಲ್ಲಿ ಮಳಿ ಹೊಡಿಯಾಕತ್ತದ. ಹಿತ್ತಲದಾಗ ನೀರು ನಿಂತದ."

ನನ್ನ ಕಾರು ಹದಿನಾರು ವರ್ಷದ್ದು. ಅದು ಚಾಲೂ ಆಗುತ್ತದೆಯೇ ಎನ್ನುವುದು ನನಗೂ ದಿನಾ ಇರುವ ಪ್ರಶ್ನೆ. ಅಂದು ಆಯಿತು. ಹುಮನಾಬಾದ್ ರಸ್ತೆಯಲ್ಲಿ ಅರ್ಧ ದಾರಿ ದಾಟುತ್ತಲೇ ಮೋಡ ನೆಲಕ್ಕಿಳಿದಂತೆ ಕತ್ತಲಾಯಿತು. ತಗ್ಗಿದ್ದಲ್ಲೆಲ್ಲ ಕೆಂಪು ನೀರು ರಸ್ತೆ ದಾಟುತ್ತಿತ್ತು. ಎಷ್ಟು ಆಳವೋ ತಿಳಿಯದ ನೀರಿಗೆ ಕಾರು ಬಿಡುವಾಗ ನಾನು ಉಸಿರು ಹಿಡಿಯುತ್ತಿದ್ದೆ. ಭೀಮಶಾ ಕಿಟಕಿಯಾಚೆ ಮುಗಿಲನ್ನೇ ನೋಡುತ್ತ ತೊಡೆಯ ಮೇಲೆ ಬೆರಳು ಕುಟ್ಟುತ್ತಿದ್ದರು. ಒಂದೂ ತಾಳಕ್ಕೆ ಹೊಂದುತ್ತಿರಲಿಲ್ಲ.

ನಾವು ಮುಟ್ಟಿದಾಗ ಮಳೆ ಬಿಡುವು ಕೊಟ್ಟಿತ್ತು. ಸುಜಾತಾಳ ಗಂಡ ಕೆಲಸದ ಮೇಲೆ ಬೀದರಿಗೆ ಹೋಗಿದ್ದ. ಆಕೆ ನೆರೆಮನೆಯ ತುಕಾರಾಮನನ್ನು ಕರೆಸಿದ್ದಳು. ಎಪ್ಪತ್ತು ದಾಟಿದ ಮುದುಕ, ಒಂದು ಕಾಲದಲ್ಲಿ ಸುತ್ತಲಿನ ಹಗೇವುಗಳನ್ನೆಲ್ಲ ತೆಗೆಯುತ್ತಿದ್ದವನು. ಹಾರೆ ಹಾಕಿ ಚಪ್ಪಡಿ ಸರಿಸಿದೆವು. ಒಳಗಿನಿಂದ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಬ್ಯಾಟರಿ ಬಿಟ್ಟು ನೋಡಿದರೆ ತಳದಲ್ಲಿ ಮೊಳಕಾಲುದ್ದ ಕಪ್ಪು ನೀರು, ಕೊಳೆತ ಹುಲ್ಲು. ಮೂರು ಪೀಪಾಯಿ ನಿಂತಿದ್ದವು. ನಾಲ್ಕನೆಯದು ಆಗಲೇ ವಾಲಿತ್ತು. ಬಟ್ಟೆ ಕಟ್ಟಿದ ಅದರ ಬಾಯಿಗೂ ನೀರಿಗೂ ಒಂದು ಗೇಣು ಅಂತರ.

ಭೀಮಶಾ ಧೋತರ ಎತ್ತಿ ಕಟ್ಟಿದರು.

"ಹೇ ಹೇ, ನಿಂದರಪಾ," ಎಂದ ತುಕಾರಾಮ. "ಮೊದಲ ದೀಪ."

ಕಂದೀಲು ಹಚ್ಚಿ ಹಗ್ಗಕ್ಕೆ ಕಟ್ಟಿ ಇಳಿಸಿದ. ಒಂದಾಳುದ್ದ ಇಳಿಯುವವರೆಗೆ ಉರಿಯಿತು. ಆಮೇಲೆ ಯಾರೋ ಬಾಯಿಂದ ಊದಿದಂತೆ ಆರಿತು. ಗಾಳಿ ಇರಲಿಲ್ಲ, ಹೊಗೆ ಸಹ ಮೇಲೆ ಬರಲಿಲ್ಲ.

"ನೋಡಿದೇನಪಾ? ಹುಲ್ಲು ಕೊಳತು ಒಳಗಿನ ಹವಾ ತಿಂದದ. ನಮ್ಮ ಕಾಕಾ ಹಿಂಗ ಇಳದ. ಮ್ಯಾಲಿಂದ ಕರದ್ವಿ. ಓ ಅನ್ನಲಿಲ್ಲ," ಎಂದು ತುಕಾರಾಮ ಇಷ್ಟನ್ನೇ ಹೇಳಿ ಬೀಡಿ ಹಚ್ಚಿದ. "ಒಂದು ದಿವಸ ಬಾಯಿ ತೆರದಿಡು. ನಾಳಿಗಿ ಇಳಿ."

"ನಾಳಿಗಿ ಇಳದು ಏನ ತೆಗೀಲಿ?" ಎಂದರು ಭೀಮಶಾ, ಮುಗಿಲು ನೋಡುತ್ತ. ಸಾಹೇಬರ ನಲವತ್ತರಲ್ಲಿ ಉಳಿದ ಮೂವತ್ತೊಂಬತ್ತೂ ಆ ಪೀಪಾಯಿಗಳಲ್ಲಿದ್ದವು.

ಕಂಬಳಿಯನ್ನು ಹಗ್ಗಕ್ಕೆ ಕಟ್ಟಿ, ಒಳಗೆ ಮೇಲೆ ಕೆಳಗೆ ಎಳೆದಾಡಿ ಗಾಳಿ ಕಲಕಿದೆವು. ನೂರು ಸಲ, ಇನ್ನೂರು ಸಲ. ನನ್ನ ಅಂಗೈಯಲ್ಲಿ ಬೊಬ್ಬೆ ಬಂದವು. ಮತ್ತೆ ಕಂದೀಲು ಇಳಿಸಿದೆವು. ಈ ಸಲ ಆರಲಿಲ್ಲ. ಆದರೆ ಉರಿ ಅವರೆಕಾಳಿನಷ್ಟಾಗಿ, ನೀಲಿಯಾಗಿ, ನಡುಗುತ್ತ ನಿಂತಿತು.

"ಇನ್ನೊಂದು ತಾಸು," ಎಂದ ತುಕಾರಾಮ. ಆ ಹೊತ್ತಿಗೇ ದಪ್ಪ ಹನಿಯೊಂದು ನನ್ನ ಕನ್ನಡಕದ ಮೇಲೆ ಬಿತ್ತು.

ಭೀಮಶಾ ಕೈಗಡಿಯಾರ, ಚಸ್ಮಾ ತೆಗೆದು ಪುತಳಾಬಾಯಿಯವರ ಕೈಗೆ ಕೊಟ್ಟರು.

"ನಿಮಗ ಏನರ ಆದ್ರ ಆ ಪೀಪಿ ಎಲ್ಲಾ ಒಲಿಗಿ ಹಾಕ್ತೀನಿ, ನೋಡ್ರಿ ಮತ್ತ," ಎಂದರು ಆಕೆ.

"ಸುಡಬ್ಯಾಡ. ಹೊಗಿ ಭಾಳ ಬರ್ತದ."

ಎದೆಗೆ ಹಗ್ಗ ಕಟ್ಟಿದೆವು. ಅದರ ಇನ್ನೊಂದು ತುದಿಯನ್ನು ಬೇವಿನ ಗಿಡಕ್ಕೆ ಒಂದು ಸುತ್ತು ಹಾಕಿ ಪುತಳಾಬಾಯಿ ಹಿಡಿದರು. ಪೀಪಾಯಿ ಎಳೆಯಲು ಬೇರೆ ಹಗ್ಗ. ಅದು ತುಕಾರಾಮ, ನಾನು, ಸುಜಾತಾ ಮೂವರ ಕೈಯಲ್ಲಿ. ಹಗೇವು ತೆಗೆಯುವವರ ಕಟ್ಟಳೆಯನ್ನು ತುಕಾರಾಮ ಕಡೆಗೆ ಹೇಳಿದ: "ಒಳಗ ಇಳದಾಂವ ಬಾಯಿ ಮುಚ್ಚಬಾರದು. ಹಾಡಕೋತ ಇರಬೇಕು. ನಿನ್ನ ದನಿ ನಿಂತ್ತಂದ್ರ ನಾವು ಎಳದ್ವಿ."

"ನನಗ ಹಾಡು ಬರಂಗಿಲ್ಲಪಾ."

"ಬರೋದು ಏನರ ಒದರು."

ಅವರು ಇಳಿದರು. ತಲೆ ಕಾಣದಾಯಿತು. ಒಂದು ಕ್ಷಣದ ಮೇಲೆ ಕೆಳಗಿನಿಂದ "ಪಾಪ್ಪಾ… ಪಾ… ರಾಪಾಪ್ಪಾ" ಎಂದು ಗುಂಯ್‌ಗುಡುವ ದನಿ ಬಂತು. ನಾನು ಬಲ್ಲ ಒಂದೇ ಒಂದು ಜಾಜ್ ಅದು, ಆ ಐತವಾರ ನನ್ನ ಮಾನ ಕಳೆದದ್ದು. ಸ್ಯಾಕ್ಸೊಫೋನಿನ ಭಾಗವನ್ನು ಬಾಯಲ್ಲೇ ಊದುತ್ತ ಅವರು ಮೊದಲ ಪೀಪಾಯಿಗೆ ಹಗ್ಗ ಬಿಗಿದರು. ಎಳೆದೆವು. ಎರಡನೆಯದು, ವಾಲಿದ್ದು, ಬಂತು. ಹನಿ ಜೋರಾಯಿತು. ದನಿ ಸ್ವಲ್ಪ ಕುಗ್ಗಿತೆಂದು ನನಗನ್ನಿಸಿತು; ಮಳೆಯ ಸದ್ದಿಗೆ ಹಾಗೆ ಕೇಳುತ್ತಿರಬೇಕೆಂದು ಸಮಾಧಾನ ಮಾಡಿಕೊಂಡೆ. ಮೂರನೆಯದನ್ನು ಅಂಚಿಗೆ ತಂದು ಇಟ್ಟೆವು.

ದನಿ ನಿಂತಿತು.

"ನಿಂತ್ತು! ಎಳೀರಿ!" ಎಂದು ತುಕಾರಾಮ ಕೂಗಿದ.

ಆಗ ನಾನು ಜೀವಮಾನದ ಅತಿ ದೊಡ್ಡ ದಡ್ಡತನದ ಮಾತಾಡಿದೆ. ಒಂದು ಕೈ ಎತ್ತಿ, ತಿಳಿದವನ ಗತ್ತಿನಲ್ಲಿ, "ತಡೀರಿ. ಇದು ನಡುವ ಸುಮ್ಮನಿರೋದು," ಎಂದೆ.

ಹೌದು, ರಾಗ ಅದೇ ಜಾಗಕ್ಕೆ ಬಂದಿತ್ತು. ಅಲ್ಲಿ ಮೌನವಿದೆ, ನನಗೆ ಗೊತ್ತು. ಆದರೆ ಎಷ್ಟು ಹೊತ್ತಿನ ಮೌನ? ಅದು ಗೊತ್ತಿಲ್ಲವೆಂದು ನನಗೆ ಹೊಳೆದದ್ದು ಆ ಬಾಯಿಯ ಕತ್ತಲನ್ನು ನೋಡುತ್ತ ನಿಂತಾಗ. ಮಳೆ ಬೇವಿನ ಎಲೆಗಳ ಮೇಲೆ ಬೀಳುತ್ತಿತ್ತು. ಕೆಳಗಿನಿಂದ ಏನೂ ಇಲ್ಲ.

ಪುತಳಾಬಾಯಿ ನನ್ನ ಕಡೆ ನೋಡಲಿಲ್ಲ. ಹಗ್ಗವನ್ನು ಎಡಗೈಗೆ ಸುತ್ತಿಕೊಂಡಿದ್ದರು. ಬಲಗೈ ಮಾತ್ರ ಗಾಳಿಯಲ್ಲಿ, ಇಲ್ಲದ ರೊಟ್ಟಿಯನ್ನು ಬಡಿಯುವ ಹಾಗೆ, ಸದ್ದಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು. ಆರು. ಏಳು. ಎಂಟು. ಎಂಟಕ್ಕೆ ಕೈ ನಿಂತಿತು. ಕೆಳಗಿನಿಂದ ದನಿ ಬರಲಿಲ್ಲ.

"ಇಷ್ಟ ಅದರೀ ಆ ಸುಮ್ಮನಿರೋದು! ಮುಗೀತು! ಎಳೀರಿ!" ಎಂದು ಆಕೆ ಚೀರಿದರು.

ನಾಲ್ವರೂ ಆ ಹಗ್ಗಕ್ಕೆ ಬಿದ್ದೆವು. ನೀರು ತುಂಬಿದ ಚೀಲದಂತೆ ಭಾರವಾಗಿದ್ದರು. ತಲೆ ಬಾಯಿಗೆ ಬಂದಾಗ ಕುತ್ತಿಗೆ ಒಂದು ಕಡೆ ಜೋತಿತ್ತು, ಮುಖ ಬೂದಿ ಬಣ್ಣ, ತುಟಿ ನೇರಳೆ. ಚಪ್ಪರದ ಕೆಳಗೆ ಎಳೆದು ಮಲಗಿಸಿದೆವು. ಸುಜಾತಾ "ಅಣ್ಣಾ, ಅಣ್ಣಾ" ಎನ್ನುತ್ತ ಮೊರದಿಂದ ಗಾಳಿ ಹಾಕಿದಳು. ತುಕಾರಾಮ ಅಂಗಾಲು ತಿಕ್ಕಿದ. ಪುತಳಾಬಾಯಿ ಅವರ ಎದೆಯ ಮೇಲೆ ಕಿವಿಯಿಟ್ಟು ಕೂತರು. ಮೂವತ್ತು ವರ್ಷ ಏನೂ ಕೇಳಿಸಿಕೊಂಡಿಲ್ಲವೆಂದು ಸಾಧಿಸಿದ ಕಿವಿ ಅದು. ಎಷ್ಟು ಹೊತ್ತು ಹಾಗೆ ಕೂತರೋ, ನನಗೆ ಎಣಿಸುವ ಧೈರ್ಯವಿರಲಿಲ್ಲ.

ಒಂದು ಕೆಮ್ಮು ಬಂತು. ಆಮೇಲೆ ಇನ್ನೊಂದು. ಕಣ್ಣು ತೆರೆದವು.

ಪುತಳಾಬಾಯಿ ಎದ್ದು, ಅವರ ಭುಜಕ್ಕೆ ಮುಷ್ಟಿಯಿಂದ ಎರಡು ಗುದ್ದಿ, ಆಚೆ ತಿರುಗಿ ಸೆರಗು ಬಾಯಿಗೆ ಒತ್ತಿಕೊಂಡರು. ತುಕಾರಾಮ ಯಾರನ್ನೂ ಕೇಳದೆ ಹೋಗಿ ಹಾರೆಯಿಂದ ಚಪ್ಪಡಿ ಎಳೆದು ಮುಚ್ಚಿದ. ಇನ್ನೊಂದು ಪೀಪಾಯಿ ಒಳಗೇ ಉಳಿಯಿತು. ಮಳೆ ಈಗ ಕೊಡದಿಂದ ಸುರಿದ ಹಾಗೆ ಸುರಿಯುತ್ತಿತ್ತು. ಸುಜಾತಾ ಮೂರು ಪೀಪಾಯಿಗಳ ಬಟ್ಟೆ ಬಿಚ್ಚಿ ಒಳಗೆ ಕೈಯಾಡಿಸಿ ನೋಡಿದಳು. ಒಣಗಿಯೇ ಇದ್ದವು. ಸಾಹೇಬರ ಮೂವತ್ತೊಂಬತ್ತೂ ಅವುಗಳಲ್ಲಿದ್ದವು.

ಆ ಹಿತ್ತಿಲಲ್ಲಿ ರೊಟ್ಟಿ ಬಡಿಯುವ ಆ ಕೈ ಇರದಿದ್ದರೆ, ನಾನು ರಸಿಕನಾಗಿ ಇನ್ನೂ ಕಾಯುತ್ತ ನಿಂತಿರುತ್ತಿದ್ದೆ.

ಅರ್ಧ ತಾಸಿನ ಮೇಲೆ ಭೀಮಶಾ ಗೋಡೆಗೆ ಒರಗಿ ಕೂತು ಬಸಿಯಲ್ಲಿ ಚಹಾ ಕುಡಿದರು. ನಾನು ಹತ್ತಿರ ಸರಿದು ಮೆಲ್ಲಗೆ ಕೇಳಿದೆ:

"ಭೀಮಶಾರ, ಒಳಗ ಏನಾತ್ರಿ? ಅಲ್ಲಿ ಯಾಕ ಸುಮ್ಮನಾದ್ರಿ?"

ಅವರು ಹೆಂಡತಿಯ ಬೆನ್ನಿನ ಕಡೆ ಒಮ್ಮೆ ನೋಡಿದರು. ಮುಚ್ಚಿದ ಚಪ್ಪಡಿಯ ಕಡೆ ಒಮ್ಮೆ ನೋಡಿದರು. ಬಸಿ ಕೆಳಗಿಟ್ಟರು.

"ಡ್ರಮ್ಮಿನವನ ಸರದಿ ಇತ್ತು ಸರ."